ಎಲ್ಲರೂ ತೊದಲುವ ತರಗತಿ

ಖೋಸಿಯತ್‌ಗೆ ಮಾತು ಬರುತ್ತಿರಲಿಲ್ಲವೆಂದಲ್ಲ. ಬರುತ್ತಿತ್ತು, ತುಟಿಯ ತನಕ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಗಂಟಲು ಬಿಗಿದು, ಕಣ್ಣು ಅರೆಮುಚ್ಚಿ, ಮೊದಲ ಅಕ್ಷರವನ್ನೇ ಅವಳು ಮತ್ತೆ ಮತ್ತೆ ನೂಕುತ್ತಿರುವಾಗ ಎದುರಿಗಿದ್ದವರು ಕರುಣೆಯಿಂದಲೋ ಅವಸರದಿಂದಲೋ ಉಳಿದದ್ದನ್ನು ತಾವೇ ಮುಗಿಸಿಬಿಡುತ್ತಿದ್ದರು. ರೊಟ್ಟಿ ಅಂಗಡಿಯಲ್ಲಿ ಎಷ್ಟು ಬೇಕೆಂದು ಹೇಳಲು ಅವಳು ಹೆಣಗುತ್ತಿರುವಷ್ಟರಲ್ಲೇ ಅಂಗಡಿಯವಳು "ಎರಡು ತಾನೆ, ತಗೋಮ್ಮ" ಎಂದು ಕಟ್ಟಿಕೊಡುತ್ತಿದ್ದಳು. ಬೇಕಾಗಿದ್ದದ್ದು ನಾಲ್ಕಾದರೂ ಖೋಸಿಯತ್ ಆ ಎರಡು ಬಿಸಿ ರೊಟ್ಟಿಗಳನ್ನೇ ಎದೆಗವುಚಿಕೊಂಡು ಮನೆಗೆ ಬರುತ್ತಿದ್ದಳು. ಬೇಡ ಅನ್ನುವುದಕ್ಕೂ ಮಾತೇ ಬೇಕಲ್ಲ.

ಪಂಜಕೆಂತ್ ಪಟ್ಟಣದಲ್ಲಿ ಅವಳ ಕಷ್ಟ ಎಲ್ಲರಿಗೂ ಗೊತ್ತಿತ್ತು. ಪೇಟೆಯ ಹಿಂದಿನ ಓಣಿಯಲ್ಲಿ ಜರೋಫತ್ ಎಂಬ ಹೆಂಗಸು ನಡೆಸುತ್ತಿದ್ದ ಹೊಲಿಗೆ ಮನೆಯಲ್ಲಿ ಅವಳಿಗೆ ಕೆಲಸ. ಮಿಷನ್ನುಗಳ ಸದ್ದಿನಲ್ಲಿ ಮಾತಾಡುವ ಅಗತ್ಯ ಕಡಿಮೆಯಿತ್ತು, ಅದಕ್ಕೇ ಆ ಕೆಲಸ ಅವಳಿಗೆ ಒಗ್ಗಿತ್ತು. ವಯಸ್ಸು ಇಪ್ಪತ್ತೈದು ದಾಟಿತ್ತು. ಹೆಣ್ಣು ನೋಡಲು ಬಂದವರ ಮುಂದೆ ತಾಯಿ ಸಾಲೆಹಾ "ನಮ್ಮ ಹುಡುಗಿಗೆ ನಾಚಿಕೆ ಜಾಸ್ತಿ" ಎಂದು ಮಗಳ ಪರವಾಗಿ ತಾನೇ ಮಾತಾಡಿ ಮುಗಿಸುತ್ತಿದ್ದಳು. ಬಂದವರು ಚಹಾ ಕುಡಿದು, ಒಣದ್ರಾಕ್ಷಿ ತಿಂದು, ಬೀದಿಗಿಳಿದ ಮೇಲೆ ಪಿಸುಗುಟ್ಟುತ್ತಾ ಹೋಗುತ್ತಿದ್ದರು.

ಅವಳನ್ನು ಇಂಗ್ಲಿಷಿನ ದಾರಿಗೆ ಹಚ್ಚಿದ್ದು ಅಪ್ಪ ಶೋದ್ಮೋನನ ಒಂದು ಫಜೀತಿ.

ಶೋದ್ಮೋನ್ ಹಳೆಯ ರಷ್ಯನ್ ಜೀಪಿನ ಚಾಲಕ. ಚಳಿಗಾಲದಲ್ಲಿ ರಾಜಧಾನಿ ದುಶಾನ್ಬೆಗೆ ಜನರನ್ನು ಒಯ್ಯುತ್ತಿದ್ದ. ಬೇಸಿಗೆಯಲ್ಲಿ ಏಳು ಸರೋವರ ನೋಡಲು ಬಂದವರನ್ನು ಶಿಂಗ್ ಕಣಿವೆಯ ಮೇಲಕ್ಕೆ ಏರಿಸುತ್ತಿದ್ದ. ಮೊದಲೆಲ್ಲ ರಷ್ಯನ್ ಮಾತಾಡುವವರೇ ಬರುತ್ತಿದ್ದರು. ಈಗೀಗ ಬರುವವರಿಗೆ ಇಂಗ್ಲಿಷೇ ಬೇಕು. ಅವನ ಹತ್ತಿರ ಇದ್ದ ಇಂಗ್ಲಿಷ್ ಒಂದು ಹಿಡಿಯಷ್ಟು: ಗುಡ್, ಪ್ರಾಬ್ಲಮ್ ನೋ, ಮತ್ತೆ "ಇಸ್ಟಾಪ್, ಫೋಟೋ". ಆ ವರ್ಷ ಬೇಸಿಗೆಯ ಕೊನೆಯಲ್ಲಿ ಹೆಂಗಸರ ಒಂದು ಗುಂಪನ್ನು ಕರೆದುಕೊಂಡು ಹೋಗಿದ್ದಾಗ, ಮೂರನೇ ಸರೋವರದ ದಂಡೆಯಲ್ಲಿ ತಿಂಡಿ ಹರವಿ, ಜೀಪಿನ ಬಾಗಿಲು ತೆರೆದು, ಬಹಳ ಆದರದಿಂದ "ಸ್ನೇಕ್, ವೆರಿ ಗುಡ್ ಸ್ನೇಕ್" ಎಂದಿದ್ದ. ಆ ಹೆಂಗಸರು ಕಾಲು ಮೇಲಕ್ಕೆತ್ತಿಕೊಂಡು ಸೀಟಿನ ಮೇಲೆ ಕೂತವರು ಇಳಿಯಲೇ ಇಲ್ಲ. ತಿಂಡಿಗೆ ಬೇರೆ ಉಚ್ಚಾರ, ಹಾವಿಗೆ ಬೇರೆ ಉಚ್ಚಾರ ಎಂದು ಅವನಿಗೆ ಗೊತ್ತಾದದ್ದು ಊರಿಗೆ ಮರಳಿದ ಮೇಲೆ.

"ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸವ್ರಿನಿಸೋ ಮುಅಲ್ಲಿಮಾ ಇಂಗ್ಲಿಷ್ ಹೇಳ್ಕೊಡ್ತಾರಂತೆ, ಸಂಜೆ ಹೊತ್ತು," ಎಂದ ಅವನು, ಊಟಕ್ಕೆ ನೆಲದ ಮೇಲೆ ಹಾಸಿದ ದಸ್ತರ್‌ಖಾನ್ ಬಟ್ಟೆಯ ಮುಂದೆ. "ಸಂಜೆ ನಾನು ರಸ್ತೆ ಮೇಲಿರ್ತೀನಿ. ಖೋಸಿಯತ್, ನೀನು ಹೋಗು. ಅಲ್ಲಿ ಕಲ್ತಿದ್ದನ್ನ ಇಲ್ಲಿ ನಂಗೆ ಹೇಳ್ಕೊಡು."

ಸಾಲೆಹಾ ಪಲಾವಿನ ತಟ್ಟೆಯಿಂದ ಕೈ ತೆಗೆದಳು. "ಏನು ಮಾತೂಂತ ಆಡ್ತೀರಿ ನೀವು? ಮಗು ನಮ್ಮ ಭಾಷೇಲೇ ಒದ್ದಾಡ್ತಿದೆ."

"ನ... ನ... ನನ್..." ಎಂದಳು ಖೋಸಿಯತ್.

"ನನ್ನ ಕೈಲಾಗಲ್ಲ ಅಂತಿದ್ದಾಳೆ," ಎಂದು ತಾಯಿ ಮುಗಿಸಿಕೊಟ್ಟಳು.

ಶೋದ್ಮೋನ್ ನಕ್ಕ. "ಅಲ್ಲಮ್ಮ, ಯೋಚನೆ ಮಾಡು. ಆ ಕೋಣೇಲಿ ಯಾರಿಗೆ ಇಂಗ್ಲಿಷ್ ಬರುತ್ತೆ? ಎಲ್ರೂ ತೊದಲೋರೇ. ನಿನ್ನ ಯಾರು ಗುರುತು ಹಿಡೀತಾರೆ?"

ಆ ಮಾತು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಆ ವಾರವೇ ಹೋದಳು.

ಕೋಣೆಯಲ್ಲಿ ಒಂದು ಕಬ್ಬಿಣದ ಒಲೆ, ಅದರ ಸುತ್ತ ಬೆಂಚುಗಳು. ಆಸ್ಪತ್ರೆಯ ದಾದಿಯೊಬ್ಬಳು, ಹೋಟೆಲಿನ ಅಡುಗೆಯವನು, ಶಾಲೆಯ ಕೆಲವು ಹುಡುಗಿಯರು, ದೊಡ್ಡ ಮೀಸೆಯ ಒಬ್ಬ ಪೊಲೀಸು. ಎಲ್ಲರೂ ಮುಅಲ್ಲಿಮಾ, ಅಂದರೆ ಟೀಚರಮ್ಮ, ಎಂದು ಕರೆಯುತ್ತಿದ್ದ ಸವ್ರಿನಿಸೋ ಐವತ್ತರ ಹತ್ತಿರದ ಹೆಂಗಸು, ದನಿ ಗಟ್ಟಿ, ಕೈಯಲ್ಲಿ ಯಾವಾಗಲೂ ಒಂದು ಪುಟ್ಟ ಕನ್ನಡಿ. ಹೊಸ ಪದ ಹೇಳಿದವರ ಬಾಯಿಗೆ ಅದನ್ನು ಹಿಡಿಯುತ್ತಿದ್ದರು. "ನಾಲಿಗೆ ಎಲ್ಲಿದೆ ನೋಡ್ಕೊ. ಹಲ್ಲಿನ ಒಳಗಿದ್ರೆ ಆಗಲ್ಲ, ಹಲ್ಲಿನ ನಡುವೆ ಬರ್ಬೇಕು. ನಾಚ್ಕೋಬೇಡ, ಇಲ್ಲಿ ಎಲ್ರೂ ಚಾಚ್ತಾರೆ."

ಪೊಲೀಸು ‘ಥ್ರೀ’ ಅನ್ನಲು ಹೊರಟು ಹಲ್ಲಿನ ನಡುವೆ ನಾಲಿಗೆ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಹುಬ್ಬು ಗಂಟಿಕ್ಕಿ, ಕೊನೆಗೆ "ಸ್ರೀ" ಎಂದ. ಖೋಸಿಯತ್ ಅವನನ್ನೇ ನೋಡಿದಳು. ಬೇರೆಯವರ ಮುಖದಲ್ಲಿ ಆ ಹೆಣಗಾಟವನ್ನು ಅವಳು ನೋಡಿದ್ದು ಅದೇ ಮೊದಲು. ಮತ್ತೊಂದು ಸಂಗತಿಯೂ ಅವಳ ಗಮನಕ್ಕೆ ಬಂತು: ಅವನು ತಿಣುಕುತ್ತಿರುವಾಗ ಯಾರೂ ಬಾಯಿ ಹಾಕಲಿಲ್ಲ. ಹಾಕುವುದಾದರೂ ಹೇಗೆ? ಮುಂದಿನ ಪದ ಯಾರಿಗೂ ಗೊತ್ತಿರಲಿಲ್ಲ.

ಅವಳ ಸರದಿ ಬಂತು. ಮುಅಲ್ಲಿಮಾ ಜೇಬಿನಿಂದ ಒಂದು ಒಣಗಿದ ಜರ್ದಾಳು ತೆಗೆದು ತೋರಿಸಿ "ಏಪ್ರಿಕಾಟ್" ಎಂದರು. ತುಂಡು ತುಂಡಾಗಿ ಇನ್ನೊಮ್ಮೆ ಹೇಳಿದರು. ಖೋಸಿಯತ್ ಉಸಿರೆಳೆದುಕೊಂಡು, ಗಂಟಲು ಬಿಗಿಯುವುದನ್ನೇ ಕಾಯುತ್ತಾ, "ಏಪ್ರಿಕಾಟ್" ಎಂದಳು.

ಬಿಗಿಯಲಿಲ್ಲ. ಹಣ್ಣಿನಿಂದ ಬೀಜ ಜಾರಿದ ಹಾಗೆ ಪದ ಹೊರಗೆ ಬಂದಿತ್ತು.

"ಚೆನ್ನಾಗಿದೆ. ಇನ್ನೊಂದ್ಸಲ."

"ಏಪ್ರಿಕಾಟ್."

ಜರ್ದಾಳು ಎಂಬ ತನ್ನ ಭಾಷೆಯ ಪದದ ಮುಂದೆ ಅವಳು ಚಿಕ್ಕಂದಿನಿಂದ ಎಷ್ಟು ಕಡೆ ತಲೆತಗ್ಗಿಸಿ ನಿಂತಿದ್ದಳೋ. ಶಾಲೆಯಲ್ಲಿ, ಪೇಟೆಯಲ್ಲಿ, ನೆಂಟರ ಮನೆಯ ಅಂಗಳದಲ್ಲಿ. ಈ ಹೊಸ ಪದಕ್ಕೆ ಅಂಥ ಹಿಂದಿನದೇನೂ ಇರಲಿಲ್ಲ. ಅದನ್ನು ಹೇಳಲಾಗದೆ ಅವಳು ಯಾರೆದುರೂ ಅತ್ತಿರಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ, ಶಾಲಿನಿಂದ ಬಾಯಿ ಮುಚ್ಚಿಕೊಂಡು, ಅದನ್ನೇ ಹೇಳಿಕೊಂಡು ಬಂದಳು.

ಚಳಿಗಾಲವೆಲ್ಲ ಹಾಗೇ ಕಳೆಯಿತು. ಹೊಲಿಗೆ ಮನೆಯಲ್ಲಿ ಸೂಜಿ, ಗುಂಡಿ, ತೋಳು, ಕತ್ತರಿ ಎಲ್ಲಕ್ಕೂ ಅವಳ ಮನಸ್ಸಿನಲ್ಲಿ ಎರಡನೇ ಹೆಸರು ಹುಟ್ಟಿಕೊಂಡಿತು. ಶೋದ್ಮೋನ್ ದುಶಾನ್ಬೆಯಿಂದ ಮರಳಿದ ದಿನ ಮನೆಯಲ್ಲೇ ಪಾಠ. ಕೆಂಡದ ಮೇಲಿಟ್ಟು ರಜಾಯಿ ಹೊದಿಸಿದ ಗಿಡ್ಡ ಮೇಜು, ಸ್ಯಾಂಡಲಿಯ ಕೆಳಗೆ ಕಾಲು ಚಾಚಿ ಅಪ್ಪ, ಮಗಳು ಎದುರುಬದುರು ಕೂತು ನಾಲಿಗೆ ಚಾಚುವುದನ್ನು ನೋಡಿ ಸಾಲೆಹಾಗೆ ನಗು ತಡೆಯಲಾಗುತ್ತಿರಲಿಲ್ಲ.

"ಸ್ಯಾಂಕ್ ಯೂ," ಎನ್ನುತ್ತಿದ್ದ ಶೋದ್ಮೋನ್.

"ಥ್ಯಾಂಕ್ ಯೂ," ಎನ್ನುತ್ತಿದ್ದಳು ಖೋಸಿಯತ್.

"ಅದನ್ನೇ ತಾನೆ ನಾನು ಹೇಳಿದ್ದು. ಸ್ಯಾಂಕ್ ಯೂ."

"ಪರದೆ ಎಳೀರಿ," ಎನ್ನುತ್ತಿದ್ದಳು ಸಾಲೆಹಾ. "ವಯಸ್ಸಾದ ಗಂಡಸು ಮಗಳಿಗೆ ನಾಲಿಗೆ ತೋರಿಸ್ತಿದ್ದಾನೆ ಅಂತ ಪಕ್ಕದ ಮನೆಯೋರು ಮಸೀದಿ ತನಕ ಸುದ್ದಿ ಮುಟ್ಟಿಸ್ತಾರೆ."

ಇಂಗ್ಲಿಷಿನಲ್ಲಿ ಮಗಳು ತಡವರಿಸುತ್ತಿಲ್ಲವೆಂಬುದನ್ನು ಇಬ್ಬರೂ ಗಮನಿಸಿದ್ದರು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ದೃಷ್ಟಿಯಾದೀತೆಂದು ಸಾಲೆಹಾ ಕಣ್ಣಿನಲ್ಲೇ ಗಂಡನಿಗೆ ಸುಮ್ಮನಿರಲು ಹೇಳಿದ್ದಳು.

ವಸಂತದ ಹೊಸವರ್ಷ, ನವ್ರೂಜ್ ಹಬ್ಬಕ್ಕೆ ತರಗತಿಯವರು ಒಂದು ಕಾರ್ಯಕ್ರಮ ಮಾಡುವುದೆಂದಾಯಿತು. ಗ್ರಂಥಾಲಯದ ಸಭಾಂಗಣದಲ್ಲಿ, ಊರಿನವರ ಎದುರು. ಏಳು ಸರೋವರಗಳ ಬಗ್ಗೆ ಮಾತಾಡಲು ಮುಅಲ್ಲಿಮಾ ಖೋಸಿಯತ್‌ಳನ್ನು ಆರಿಸಿದರು. ಅವಳೂ ಒಪ್ಪಿದಳು. ಆ ದಿನಗಳಲ್ಲಿ ಅವಳಿಗೆ ತಾನು ಇನ್ನೊಬ್ಬಳೇ ಆಗಿಬಿಟ್ಟೆ ಅನ್ನಿಸಿತ್ತು. ಬೆಟ್ಟ, ನೀರಿನ ಬಣ್ಣ, ಸೇತುವೆ, ಕಡಿದಾದ ದಾರಿ, ಎಲ್ಲದರ ಪದವೂ ನಾಲಿಗೆಯ ತುದಿಯಲ್ಲಿತ್ತು.

ಹಬ್ಬದ ದಿನ ಸಭಾಂಗಣ ತುಂಬಿತ್ತು. ಹೊರಗೆ ಹಬ್ಬದ ಗೋಧಿ ಪಾಯಸ ಸುಮಲಕ್ ಕುದಿಯುವ ವಾಸನೆ. ಮುಂದಿನ ಸಾಲಿನಲ್ಲಿ ಸಾಲೆಹಾ, ಅವಳ ಪಕ್ಕ ಜರೋಫತ್, ಹಿಂದೆ ಓಣಿಯ ಜನ. ಖೋಸಿಯತ್ ವೇದಿಕೆಯ ಮೇಲೆ ನಿಂತು, "ಗುಡ್ ಆಫ್ಟರ್‌ನೂನ್. ಮೈ ನೇಮ್ ಈಸ್..." ಎಂದಳು.

ಅಲ್ಲಿಗೆ ನಿಂತಿತು.

ಹೆಸರಿಗೆ ಬೇರೆ ಭಾಷೆಯಿಲ್ಲ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಅಷ್ಟೂ ಹೊಸ ಪದಗಳ ನಡುವೆ ಅದೊಂದು ಹಳೆಯ ಪದ ಹಾಗೇ ಕೂತಿತ್ತು. ಗಂಟಲು ಮುಚ್ಚಿಕೊಂಡಿತು. "ಖ್... ಖ್... ಖ್..."

ಮೊದಲು ಜರೋಫತ್ ಹೇಳಿದಳು, ಮೆತ್ತಗೆ: "ಖೋಸಿಯತ್." ಆಮೇಲೆ ಹಿಂದಿನಿಂದ ಯಾರೋ. ಆಮೇಲೆ ಎಡಬದಿಯಿಂದ ಇಬ್ಬರು ಮೂವರು ಒಟ್ಟಿಗೆ. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಅವರಿಗೆ ಗೊತ್ತಿದ್ದ ಪದ ಅದೊಂದೇ, ಅದನ್ನು ಅವಳ ಕೈಗೆ ದಾಟಿಸುತ್ತಿದ್ದರು. ತನ್ನ ಹೆಸರನ್ನು ಊರೆಲ್ಲ ತನಗೆ ಹೇಳಿಕೊಡುತ್ತಿರುವುದನ್ನು ಕೇಳುತ್ತಾ ಒಂದು ಗಳಿಗೆ ನಿಂತವಳು ಮೆಟ್ಟಿಲಿಳಿದು, ಸುಮಲಕ್ ಕೊಪ್ಪರಿಗೆಯ ಪಕ್ಕದಲ್ಲೇ ಹಾದು, ಮನೆಗೆ ನಡೆದುಬಿಟ್ಟಳು.

ಅಮ್ಮ ಅತ್ತಳು. ಅಪ್ಪ ಅಳಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮರುದಿನ "ಇವತ್ತಿನ ಹೊಸ ಪದ ಏನಮ್ಮ?" ಎಂದು ಎಂದಿನಂತೆ ಕೇಳಿದ. ಅವಳು ಗೋಡೆಯ ಕಡೆ ತಿರುಗಿಕೊಂಡಳು. ತರಗತಿಯ ದಿನ ಬಂದಾಗ ಅವಳು ಏಳಲಿಲ್ಲ. ಶೋದ್ಮೋನ್ ಟೊಪ್ಪಿ ಹಾಕಿಕೊಂಡು ತಾನೇ ಹೊರಟ.

ಆ ದಿನ ಅವನು ಮರಳಿದ್ದು ಬಹಳ ಹುರುಪಿನಲ್ಲಿ. "ನೋಡೇ ಸಾಲೆಹಾ, ಇನ್ಮೇಲೆ ಯಾರ ಹಂಗೂ ಇಲ್ಲ. ನಮ್ಮ ರಸ್ತೆ ಕೆಟ್ಟದಾಗಿದೆ ಅಂತ ಹೇಳೋಕೆ ಕಲ್ತೆ. ರೋಡ್ ಈಸ್ ಬೆಡ್. ವೆರಿ ಬೆಡ್."

ಹಾಸಿಗೆಯ ಮೂಲೆಯಲ್ಲಿ ಮುದುಡಿದ್ದ ಖೋಸಿಯತ್ ಕಿವಿ ಮುಚ್ಚಿಕೊಂಡಳು.

"ವೆರಿ, ವೆರಿ ಬೆಡ್," ಎಂದ ಅವನು ಚಹಾ ಹೀರುತ್ತಾ. "ದಿಸ್ ಬ್ರಿಡ್ಜ್ ಆಲ್ಸೋ ಬೆಡ್."

"ಬ್ಯಾಡ್," ಎಂದಳು ಅವಳು ತಡೆಯಲಾರದೆ. "ಬೆಡ್ ಅಂದ್ರೆ ಹಾ... ಹಾ... ಹಾಸಿಗೆ. ಬಾಯಿ ಅಗಲ ತೆಗೀರಿ ಅಪ್ಪ. ಬ್ಯಾಡ್."

"ಅಯ್ಯೋ, ಹೌದಾ? ಮುಅಲ್ಲಿಮಾ ಎದುರಿಗೆ ಅಷ್ಟು ಹೊತ್ತು ಹಾಸಿಗೆ ಹಾಸಿಗೆ ಅಂದ್ನಾ?" ಎಂದ ಶೋದ್ಮೋನ್. ಆದರೆ ಮಗಳು ಎದ್ದು ಕೂತಿದ್ದನ್ನು ಅವನು ಓರೆಗಣ್ಣಿನಲ್ಲಿ ನೋಡಿಕೊಂಡಿದ್ದ.

ಕೆಲವು ದಿನ ಬಿಟ್ಟು ಸವ್ರಿನಿಸೋ ಮುಅಲ್ಲಿಮಾ ತಾವೇ ಮನೆಗೆ ಬಂದರು. ಸಾಲೆಹಾ ಗಾಬರಿಯಲ್ಲಿ ಕೂರಲು ಹೊಸ ಕುರ್ಪಾಚೆ ಮೆತ್ತೆ ಹಾಸಿ, ಚಹಾ, ಹಲ್ವ ತಂದಿಟ್ಟಳು. ಮುಅಲ್ಲಿಮಾ ಹಲ್ವದ ಒಂದು ಚೂರು ಬಾಯಿಗಿಟ್ಟುಕೊಂಡು ನೇರವಾಗಿ ಕೇಳಿದರು:

"ಏಪ್ರಿಕಾಟ್ ಹೇಗೆ ಕಲ್ತೆ ನೀನು?"

"ತು... ತುಂ..." ಎಂದಳು ಖೋಸಿಯತ್. ಸಾಲೆಹಾ ಬಾಯಿ ತೆರೆದಳು. ಮುಅಲ್ಲಿಮಾ ಅವಳ ಮೊಣಕಾಲಿನ ಮೇಲೆ ಕೈಯಿಟ್ಟು ತಡೆದರು. ಗೋಡೆ ಗಡಿಯಾರದ ಸದ್ದು ಕೇಳುವಷ್ಟು ಹೊತ್ತು ಎಲ್ಲರೂ ಸುಮ್ಮನೆ ಕೂತರು. ಕೊನೆಗೆ "ತುಂಡು ಮಾಡಿ" ಎಂಬುದು ಬಂತು.

"ನಾಲಿಗೆ ಎಲ್ಲಿ, ಗಾಳಿ ಎಲ್ಲಿ ಅಂತ ನೋಡ್ಕೊಂಡು. ಹೌದಾ? ನಿನ್ನ ಹೆಸರನ್ನ ಯಾವತ್ತಾದ್ರೂ ಹಾಗೆ ಕಲ್ತಿದ್ದೀಯಾ?"

"ಹೆಸ್... ಹೆಸರು ಯಾರಾದ್ರೂ ಕಲೀತಾರಾ?"

"ನೀನು ಕಲೀಬೇಕು. ನಮ್ಮ ‘ಖ’ ಗಾಳಿ ಉಜ್ಕೊಂಡು ಬರೋ ಶಬ್ದ. ನೀನು ಮೊದಲೇ ಗಂಟಲು ಮುಚ್ಚಿ, ಆಮೇಲೆ ತಳ್ತೀಯ. ಮುಚ್ಚಿದ ಮೇಲೆ ಗಾಳಿ ಎಲ್ಲಿಂದ ಬರ್ಬೇಕು? ಮೊದಲು ಉಸಿರು ಬಿಡು, ಅದರ ಹಿಂದೆ ಹೆಸರು ಬರ್ಲಿ." ಅವರು ಚೀಲದಿಂದ ಆ ಕನ್ನಡಿ ತೆಗೆದು ಅವಳ ಮುಂದಿಟ್ಟರು. "ಇನ್ನೊಂದು ಮಾತು. ಇದರಿಂದ ನಿನ್ನ ತೊದಲು ಹೋಗುತ್ತೆ ಅಂತ ನಾನು ಹೇಳ್ತಿಲ್ಲ. ಹೋಗದೇ ಇರಬಹುದು. ಆ ಪೊಲೀಸು ಈಗಲೂ ‘ಥ್ರೀ’ ಅನ್ನೋಕೆ ಮುಂಚೆ ನಿಂತ್ಕೋತಾನೆ, ಮೀಸೆಯೆಲ್ಲ ನಡುಗುತ್ತೆ. ಅವನು ಎದ್ದು ಹೋದ್ನಾ?"

ಖೋಸಿಯತ್‌ಗೆ ನಗು ಬಂತು.

ವಸಂತವೆಲ್ಲ ಅವಳು ತನ್ನ ಹೆಸರನ್ನು ಪರದೇಶದ ಪದದ ಹಾಗೆ ಕಲಿತಳು. ಖೋ. ಸಿ. ಯತ್. ಒಬ್ಬಳೇ ಇದ್ದಾಗ ಬರುತ್ತಿತ್ತು. ಅಮ್ಮನ ಎದುರು ಅರ್ಧ ಬರುತ್ತಿತ್ತು. ಹೊರಗಿನವರೆದುರು ಅವಳು ಪ್ರಯತ್ನವನ್ನೇ ಮಾಡಲಿಲ್ಲ. ತರಗತಿಗೆ ಮಾತ್ರ ಮತ್ತೆ ಹೋಗತೊಡಗಿದಳು, ಹಿಂದಿನ ಬೆಂಚಿನಲ್ಲಿ.

ಜುಲೈಯಲ್ಲಿ ಹೆದರ್ ಮತ್ತು ಕಾಲಿನ್ ಎಂಬ ವಯಸ್ಸಾದ ದಂಪತಿ ಶೋದ್ಮೋನನ ಜೀಪು ಗೊತ್ತುಮಾಡಿದರು. ಹೆಂಡತಿ ಸ್ಕಾಟ್ಲೆಂಡಿನವಳು, ಗಂಡ ಲಂಡನ್ನಿನವನು. "ನೀನೂ ಬಾ," ಎಂದ ಶೋದ್ಮೋನ್ ಮಗಳಿಗೆ. "ಮಾತಾಡ್ಬೇಡ, ಸುಮ್ನೆ ಕೂತ್ಕೋ. ನಾನು ಹಾವು ಗೀವು ಅಂದ್ರೆ ಒಂದೇಟು ಹಾಕು, ಸಾಕು."

ಶಿಂಗ್ ಹಳ್ಳಿ ದಾಟಿ, ಕಣಿವೆ ಕಿರಿದಾಗುವ ಕಡೆ ರಸ್ತೆಗೆ ಕಲ್ಲು ಜರಿದಿತ್ತು. ಹೊಸದಾಗಿ ಬಿದ್ದದ್ದು, ಧೂಳು ಇನ್ನೂ ಅಡಗಿರಲಿಲ್ಲ. ಶೋದ್ಮೋನ್ ಜೀಪು ನಿಲ್ಲಿಸಿ, ಟ್ರಾಕ್ಟರ್ ತರಿಸಲು ಹಳ್ಳಿಗೆ ಫೋನು ಮಾಡತೊಡಗಿದ. ಅಷ್ಟರಲ್ಲಿ ಕಾಲಿನ್ ಕ್ಯಾಮೆರಾ ಹಿಡಿದು ಕಲ್ಲುರಾಶಿಯ ಕಡೆ ನಡೆದೇಬಿಟ್ಟ.

ಶೋದ್ಮೋನ್ ಅದನ್ನು ನೋಡಿ ಹೌಹಾರಿದ. "ಇಸ್ಟಾಪ್," ಎಂದು ಕೂಗಿದ. "ಮಿಸ್ಟರ್, ಇಸ್ಟಾಪ್."

ಬೆಳಗಿನಿಂದ ಪ್ರತಿ ತಿರುವಿನಲ್ಲೂ "ಇಸ್ಟಾಪ್, ಫೋಟೋ" ಎಂದು ಕೇಳಿಸಿಕೊಂಡಿದ್ದ ಕಾಲಿನ್ ಇದೂ ಅದೇ ಎಂದುಕೊಂಡ. ನಗುತ್ತಾ ಕೈಯೆತ್ತಿ ತೋರಿಸಿ, ಚಿತ್ರ ತೆಗೆಯಲು ಇನ್ನೂ ಹತ್ತಿರ ಹೋದ. ಮೇಲಿನ ಇಳಿಜಾರಿನಿಂದ ಮುಷ್ಟಿ ಗಾತ್ರದ ಕಲ್ಲುಗಳು ಪುಟಿಯುತ್ತಾ ಬರುತ್ತಿದ್ದವು.

ಖೋಸಿಯತ್ ಯಾವಾಗ ಜೀಪಿನಿಂದ ಇಳಿದಳೋ ಅವಳಿಗೇ ತಿಳಿಯಲಿಲ್ಲ. "ಕಮ್ ಬ್ಯಾಕ್! ಸ್ಟೋನ್ಸ್ ಆರ್ ಫಾಲಿಂಗ್! ಅಬವ್ ಯೂ!" ಎಂದು ಕೂಗಿದಳು. ಎಲ್ಲ ಪದವೂ ಇಡಿಯಾಗಿ, ಗಟ್ಟಿಯಾಗಿ ಬಂದವು. ಕಾಲಿನ್ ತಲೆಯೆತ್ತಿ ನೋಡಿ, ಕ್ಯಾಮೆರಾ ಎದೆಗವುಚಿಕೊಂಡು ಓಡಿಬಂದ. ಸ್ವಲ್ಪ ಹೊತ್ತಿಗೆ, ಅವನು ನಿಂತಿದ್ದ ಜಾಗಕ್ಕಿಂತ ಒಂದಿಷ್ಟು ಆಚೆ, ಕೊಡದಷ್ಟು ದೊಡ್ಡ ಬಂಡೆಯೊಂದು ಬಂದು ಬಿದ್ದು ಹೊಳೆಗುರುಳಿತು.

ಶೋದ್ಮೋನ್ ಜೀಪನ್ನು ಹಿಂದಕ್ಕೆ ತಂದು ಪಾಪ್ಲರ್ ಮರಗಳ ನೆರಳಿಗೆ ನಿಲ್ಲಿಸಿ, ಫ್ಲಾಸ್ಕಿನಿಂದ ಚಹಾ ಸುರಿದುಕೊಟ್ಟ. ಹೆದರ್ ಖೋಸಿಯತ್‌ಳ ಪಕ್ಕ ಬಂದು ಕೂತು, ಅವಳ ಕೈಹಿಡಿದು ಕೇಳಿದಳು: "ನಿನ್ನ ಹೆಸರೇ ಕೇಳಿಲ್ವಲ್ಲ ನಾವು. ಏನಮ್ಮ ನಿನ್ನ ಹೆಸರು?"

ಶೋದ್ಮೋನ್ ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡ.

"ಮೈ ನೇಮ್ ಈಸ್ ಖ್..." ಎಂದಳು ಖೋಸಿಯತ್. "ಖ್... ಖ್..."

ಹೆದರ್ ಅವಳ ಬಾಯಿಯನ್ನೇ ನೋಡುತ್ತಿದ್ದಳು, ಮುಅಲ್ಲಿಮಾ ನೋಡುವ ಹಾಗೆ. "ಖ್," ಎಂದಳು ತಾನೂ. "ಖ್... ಖ್... ಹೀಗಾ? ಸರಿಯಾಗಿ ಬಂತಾ?"

ಖೋಸಿಯತ್ ಬೆಪ್ಪಾಗಿ ಅವಳ ಮುಖ ನೋಡಿದಳು. ಆಮೇಲೆ ಅರ್ಥವಾಯಿತು: ಈ ಹೆಂಗಸು ತನ್ನ ತೊದಲನ್ನು ತೊದಲೆಂದು ತಿಳಿದೇ ಇಲ್ಲ. ಹೊಸ ಹೆಸರಿನ ಮೊದಲ ಶಬ್ದವನ್ನು ಹುಡುಗಿ ತನಗೆ ಬಿಡಿಸಿ ಕಲಿಸಿಕೊಡುತ್ತಿದ್ದಾಳೆ ಎಂದುಕೊಂಡು, ವಿಧೇಯ ವಿದ್ಯಾರ್ಥಿನಿಯ ಹಾಗೆ ಹಿಂದೆಯೇ ಹೇಳುತ್ತಿದ್ದಾಳೆ.

ಹೊಟ್ಟೆಯಾಳದಿಂದ ನಗು ಎದ್ದುಬಂತು. ನಗುವಿನ ಜೊತೆ ಉಸಿರೂ ಹೊರಬಿತ್ತು, ಉಸಿರಿನ ಹಿಂದೆ ಹೆಸರು. "ಖೋಸಿಯತ್," ಎಂದಳು.

"ಖೋಸಿಯತ್," ಎಂದಳು ಹೆದರ್, ಚೊಕ್ಕವಾಗಿ. "ಈ ಶಬ್ದ ನಮ್ಮಲ್ಲೂ ಇದೆ. ಸರೋವರಕ್ಕೆ ನಾವು ಲಾಖ್ ಅಂತೀವಿ. ನನ್ನ ಗಂಡನ ಬಾಯಲ್ಲಿ ಮಾತ್ರ ಇಷ್ಟು ವರ್ಷವಾದ್ರೂ ಅದು ಬಂದಿಲ್ಲ. ಬಾಗಿಲಿಗೆ ಹಾಕೋ ಲಾಕ್ ಅಂತಾನೆ. ಎಲ್ಲಿ ಕಾಲಿನ್, ನಿನ್ನ ಪ್ರಾಣ ಉಳಿಸಿದೋಳ ಹೆಸರು ಹೇಳು ನೋಡೋಣ."

"ಕೋಸಿಯತ್," ಎಂದ ಕಾಲಿನ್.

"ನೋ," ಎಂದಳು ಖೋಸಿಯತ್. "ಖ್... ಖೋಸಿಯತ್."

"ಹೋಸಿಯತ್."

"ನೋ. ಗಂಟಲು ಮುಚ್ಚಬೇಡಿ. ಮೊದಲು ಗಾಳಿ ಬಿಡಿ. ಖೋ."

ಅವನು ಕೆಮ್ಮಿದ. ಶೋದ್ಮೋನ್ ಬಿದ್ದು ಬಿದ್ದು ನಕ್ಕ. ಹೆದರ್ ಅವನ ಕಡೆ ತಿರುಗಿ, "ನೀವು ನಗಬೇಡಿ, ನೀವು ಬೆಳಗಿನಿಂದ ನನ್ನನ್ನ ‘ಹೆಜರ್’ ಅಂತಿದ್ದೀರಿ," ಎಂದಳು. ಮಗಳು ಅದನ್ನು ತಿಳಿಸಿ ಹೇಳಿದಾಗ ಅವನು ಪೆಚ್ಚಾಗಿ, ಎಲ್ಲರೆದುರೂ ನಾಲಿಗೆಯನ್ನು ಹಲ್ಲಿನ ನಡುವೆ ಸಿಕ್ಕಿಸಿಕೊಂಡು ಕೂತ. ಟ್ರಾಕ್ಟರ್ ಬಂದು ದಾರಿ ಬಿಡಿಸುವ ತನಕ ಆ ಮರದಡಿಯಲ್ಲಿ ಇಬ್ಬರು ಮುದುಕರಿಗೆ ಪಾಠ ನಡೆಯಿತು. ಖೋಸಿಯತ್ ತನ್ನ ಹೆಸರನ್ನು ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಕೆಲವು ಸಲ ಸಲೀಸಾಗಿ ಬಂತು, ಕೆಲವು ಸಲ ನಿಂತಿತು. ನಿಂತಾಗ ಕಾಲಿನ್ ಬಾಯಿ ತೆರೆದುಕೊಂಡೇ ಕಾಯುತ್ತಿದ್ದ, ಅವಳ ತುಟಿ ನೋಡಿ ಕಲಿಯಲು.

ದಿನವೆಲ್ಲ ಅವಳೇ ಮಾತಾಡಿದಳು. ನೀರು ಇಷ್ಟು ನೀಲಿ ಯಾಕೆ, ಹಳ್ಳಿಯವರು ಚಳಿಗಾಲದಲ್ಲಿ ಏನು ತಿನ್ನುತ್ತಾರೆ, ಆ ಕತ್ತೆಯ ಮೇಲೆ ಹೇರಿರುವುದೇನು, ಎಲ್ಲಕ್ಕೂ ಉತ್ತರ ಕೊಟ್ಟಳು. ಗೊತ್ತಿಲ್ಲದ ಪದಕ್ಕೆ ಕೈಸನ್ನೆ ಮಾಡಿದಳು. ಇಳಿದು ಬರುವಾಗ ಅವಳ ದವಡೆ ನೋಯುತ್ತಿತ್ತು, ದನಿ ಗೊಗ್ಗರಾಗಿತ್ತು. ಅಂಥ ಆಯಾಸ ಅವಳಿಗೆ ಹೊಸದು.

ತೊದಲು ಹೋಗಲಿಲ್ಲ. ಇಂಗ್ಲಿಷ್ ಪದಗಳು ಹಳೆಯದಾದಂತೆ ಅವುಗಳಲ್ಲೂ ಕೆಲವು ಅವಳನ್ನು ಹಿಡಿದು ನಿಲ್ಲಿಸತೊಡಗಿದವು. ಅದನ್ನು ಕಂಡು ಒಂದು ವಾರ ಕಂಗೆಟ್ಟಳು, ಆಮೇಲೆ ಮುಅಲ್ಲಿಮಾ ಹೇಳಿದ ಹಾಗೆ ಉಸಿರಿನಿಂದ ಶುರುಮಾಡಿದಳು. ಆ ಬೇಸಿಗೆ ಮುಗಿಯುವ ತನಕ, ಗಿರಾಕಿಗಳಿದ್ದಾಗಲೆಲ್ಲ ಅಪ್ಪನ ಜೀಪಿನಲ್ಲಿ ಹೋದಳು. ಉಳಿದ ದಿನ ಹೊಲಿಗೆ.

ಶಾಲೆ ಶುರುವಾಗುವ ಮುಂಚೆ ಹೊಲಿಗೆ ಮನೆಯಲ್ಲಿ ಸಮವಸ್ತ್ರದ ರಾಶಿ ಬಿದ್ದಿತ್ತು. ಜರೋಫತ್ ಒಬ್ಬ ಹುಡುಗಿಯ ಅಂಗಿಯ ತೋಳು ಕತ್ತರಿಸಲು ಹೊರಟಾಗ ಖೋಸಿಯತ್ ಮಿಷನ್ನು ನಿಲ್ಲಿಸಿ, "ಅ... ಅದು..." ಎಂದಳು.

"ಅಳತೆ ತಪ್ಪಾ?" ಎಂದಳು ಜರೋಫತ್. "ಬಟ್ಟೆ ತಿರುವುಮುರುವಾ? ದಾರ..."

ಖೋಸಿಯತ್ ಕೈಯೆತ್ತಿದಳು. "ತಾಳಿ ಜರೋಫತಕ್ಕ. ನಾ... ನಾನೇ ಹೇಳ್ತೀನಿ."

ಪಕ್ಕದ ಮಿಷನ್ನುಗಳೂ ನಿಂತವು. ಜರೋಫತ್ ಕತ್ತರಿ ತೆರೆದುಕೊಂಡೇ ಕೂತಳು. ಮಾತು ತುಸು ನಿಧಾನವಾಗಿಯೇ ಬಂತು: ಈ ಹುಡುಗಿ ಬೆಳೆಯೋಳು, ತೋಳು ಎರಡು ಬೆರಳು ಉದ್ದ ಬಿಡಿ, ಒಳಗೆ ಮಡಿಚಿ ಹೊಲಿದರೆ ಮುಂದಿನ ವರ್ಷಕ್ಕೂ ಆಗುತ್ತೆ.

"ಹೂಂ," ಎಂದಳು ಜರೋಫತ್, ಸೀಮೆಸುಣ್ಣ ತೆಗೆದುಕೊಂಡು. "ಇದು ನಂಗೆ ಹೊಳೆದೇ ಇರಲಿಲ್ಲ ಕಣೇ." ಬಟ್ಟೆಯ ಮೇಲೆ ಹೊಸ ಗೆರೆ ಎಳೆದಳು.